ಗಲ್ಫಿನ ಕಾರ್ಡ್, ನೋರ್ಕಾ ಕೇರ್, ಊರಿನ ಪಾಲಿಸಿ: ಯಾರಿಗೆ ಯಾವುದು ಸರಿ?

ರಜೆಯ ಸಮಯ ಹತ್ತಿರ ಬಂತು ಎಂದರೆ, ನಮ್ಮ ಕಾಸರಗೋಡಿನಿಂದ ಹೊರದೇಶಕ್ಕೆ ಹೋಗಿ ದುಡಿಯುವವರಿಂದಲೂ ಅವರ ಮನೆಯವರಿಂದಲೂ ಆರೋಗ್ಯ ವಿಮೆಯ ಬಗ್ಗೆ ಒಂದೇ ಬಗೆಯ ಪ್ರಶ್ನೆಗಳು ಸಾಲಾಗಿ ಬರುತ್ತವೆ. "ಕಂಪನಿ ಇನ್ಶೂರೆನ್ಸ್ ಕೊಟ್ಟಿದೆ, ಊರಲ್ಲಿ ಇನ್ನೊಂದು ಸುಮ್ನೆ ಯಾಕೆ?" ಎಂದು ಶಾರ್ಜಾದಿಂದ ಒಬ್ಬರು. "ನೋರ್ಕಾ ಕೇರ್ ಮಾಡಿಸಿದ್ರೆ ಎಲ್ಲ ಆಯ್ತಲ್ವಾ?" ಎಂದು, ಹೊರಗೆ ದುಡಿಯುವವರಿಗೆ ಕೇರಳ ಸರ್ಕಾರ ಮಾಡಿದ ವಿಮೆಯ ಬಗ್ಗೆ ಕುಂಬಳೆಯಿಂದ ಒಬ್ಬರು ಅಕ್ಕ. ಲ್ಯಾಪ್‌ಟಾಪ್ ಹಿಡಿದುಕೊಂಡು ಎಲ್ಲಿಂದ ಬೇಕಾದರೂ ಕೆಲಸ ಮಾಡುವ ಬದಿಯಡ್ಕ ಕಡೆಯ ಹುಡುಗರದ್ದು ಬೇರೆಯೇ ಲೆಕ್ಕ: "ಟ್ರಾವೆಲ್ ಇನ್ಶೂರೆನ್ಸ್ ಅಗ್ಗ. ಅದನ್ನೇ ವರ್ಷ ವರ್ಷ ತೆಗೆದುಕೊಂಡರೆ ಆಗದಾ?"

ಇವರೆಲ್ಲರಿಗೂ ಒಂದೇ ಉತ್ತರ ಇಲ್ಲ. ಆದರೆ ಎಲ್ಲರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಒಂದೇ. ಪ್ರೀಮಿಯಂ ಎಷ್ಟು ಎನ್ನುವುದು ಅದರಲ್ಲಿ ಕೊನೆಯದ್ದು.

ಮೊದಲು ಇವನ್ನು ಕೇಳಿಕೊಳ್ಳಿ

ದೊಡ್ಡ ಕಾಯಿಲೆ ಬಂದರೆ ನೀವು ಎಲ್ಲಿ ಮಲಗುತ್ತೀರಿ? ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ. ಜ್ವರ, ಹಲ್ಲುನೋವು, ಬೆನ್ನುನೋವು ಎಲ್ಲ ಅಲ್ಲೇ ಮುಗಿಯುತ್ತದೆ. ಆದರೆ ಮೊಣಕಾಲಿನ ಆಪರೇಷನ್, ಹರ್ನಿಯಾ, ಕ್ಯಾನ್ಸರ್ ಎಂದಾಗ ನಮ್ಮವರು ಮಾಡುವುದೇನು? ರಜೆ ಹಾಕಿ ಬಜ್ಪೆಯಲ್ಲಿ ಇಳಿದು ಸೀದಾ ಮಂಗಳೂರಿನದ್ದೋ ದೇರಳಕಟ್ಟೆಯದ್ದೋ ಆಸ್ಪತ್ರೆಗೆ ಹೋಗುತ್ತಾರೆ. ನೋಡಿಕೊಳ್ಳಲು ಮನೆಯವರಿದ್ದಾರೆ, ಡಾಕ್ಟರ ಹತ್ತಿರ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡಬಹುದು. ಹಾಗಾದರೆ ಆ ಬಿಲ್ಲನ್ನು ಯಾವ ಕಾರ್ಡ್ ಕಟ್ಟುತ್ತದೆ?

ಎರಡನೆಯದು, ಯಾರ್ಯಾರು ಒಳಗಿದ್ದಾರೆ? ಹೆಂಡತಿ ಮಕ್ಕಳು ನಿಮ್ಮ ಜೊತೆಗಿದ್ದಾರಾ, ಊರಿನಲ್ಲಿದ್ದಾರಾ? ಅಪ್ಪ ಅಮ್ಮನ ಲೆಕ್ಕ ಯಾರ ಮೇಲೆ?

ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಈ ವಿಮೆ ಯಾವಾಗ ನಿಂತುಹೋಗುತ್ತದೆ? ಕೆಲಸ ಹೋದಾಗಲಾ, ವೀಸಾ ಮುಗಿದಾಗಲಾ, ಅರವತ್ತೈದು ತುಂಬಿದಾಗಲಾ?

ಆಮೇಲೆ ಶುಗರ್, ಬಿಪಿ, ಥೈರಾಯ್ಡ್ ಹೀಗೆ ಈಗಾಗಲೇ ಇರುವ ಕಾಯಿಲೆಗೆ ಎಷ್ಟು ಕಾಯಬೇಕು ಎಂದು ನೋಡಿ. ಪ್ರತಿ ಬಿಲ್ಲಿನಲ್ಲಿ ನಿಮ್ಮ ಕಿಸೆಯಿಂದ ಹೋಗುವ ಪಾಲು ಎಷ್ಟು ಎಂದೂ ನೋಡಿ. ಇಷ್ಟಾದ ಮೇಲೆ ಪ್ರೀಮಿಯಂ.

ಕಂಪನಿ ಕೊಡುವ ಕಾರ್ಡ್

ಗಲ್ಫ್ ದೇಶಗಳಲ್ಲಿ ಇದು ಈಗ ಹೆಚ್ಚುಕಮ್ಮಿ ಕಡ್ಡಾಯ. ಆದರೆ ಒಂದೊಂದು ಕಡೆ ಒಂದೊಂದು ರೀತಿ. ಯುಎಇ ಒಳಗೇ ಮೂರು ಬಗೆ ಇದೆ. ಅಬುಧಾಬಿಯಲ್ಲಿ ಕೆಲಸಗಾರನ ಜೊತೆ ಹೆಂಡತಿ ಮತ್ತು 18 ವರ್ಷದೊಳಗಿನ ಮೂರು ಮಕ್ಕಳವರೆಗೆ ಕಂಪನಿಯದ್ದೇ ಹೊಣೆ. ದುಬೈಯಲ್ಲಿ 2013ರ ಕಾನೂನಿನ ಪ್ರಕಾರ ಕಂಪನಿ ಕೆಲಸಗಾರನಿಗೆ ಮಾತ್ರ ಮಾಡಿಸಿದರೆ ಸಾಕು. ಹೆಂಡತಿ ಮಕ್ಕಳದ್ದು ಅವರಿಗೆ ವೀಸಾ ತೆಗೆದವನ ತಲೆಗೆ. ಅಲ್ಲಿ ತಿಂಗಳಿಗೆ 4,000 ದಿರ್ಹಮ್ ಮತ್ತು ಅದಕ್ಕಿಂತ ಕಡಿಮೆ ಸಂಬಳದವರಿಗಾಗಿ ಇರುವ ಮೂಲ ಪ್ಲಾನಿನ ಮಿತಿ ವರ್ಷಕ್ಕೆ 1,50,000 ದಿರ್ಹಮ್.

ಶಾರ್ಜಾ, ಅಜ್ಮಾನ್, ರಾಸ್ ಅಲ್ ಖೈಮಾ, ಫುಜೈರಾ, ಉಮ್ ಅಲ್ ಕುವೈನ್‌ಗಳಲ್ಲಿ 2025ರ ಜನವರಿ 1ರಿಂದಷ್ಟೇ ಕಡ್ಡಾಯವಾಯಿತು. ಅಲ್ಲಿನ ಮೂಲ ಪ್ಯಾಕೇಜಿಗೆ ವರ್ಷಕ್ಕೆ 320 ದಿರ್ಹಮ್, ಅಂದರೆ ಸುಮಾರು ಎಂಟು ಸಾವಿರ ರೂಪಾಯಿ. ಇದನ್ನು ಕಟ್ಟಬೇಕಾದ್ದು ಕಂಪನಿಯೇ. ನಮ್ಮ ಊರಿನ ಅಂಗಡಿ, ಕೆಫೆಟೇರಿಯಾ, ಗ್ಯಾರೇಜ್ ಕೆಲಸದವರಲ್ಲಿ ಎಷ್ಟೋ ಮಂದಿಯ ಕೈಯಲ್ಲಿರುವುದು ಇದೇ ಬಗೆಯ ಮೂಲ ಪ್ಲಾನ್. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಆಸ್ಪತ್ರೆಗೆ ಸೇರಿದರೆ ಬಿಲ್ಲಿನ ಶೇಕಡಾ 20 ನಿಮ್ಮದು. ಆದರೆ ಒಂದು ಸಲಕ್ಕೆ 500, ವರ್ಷಕ್ಕೆ 1,000 ದಿರ್ಹಮ್ ದಾಟುವುದಿಲ್ಲ. ಇದು ಒಳ್ಳೆಯ ಅಂಶ. ಡಾಕ್ಟರನ್ನು ನೋಡಿ ಬರುವುದಕ್ಕೆ ಶೇಕಡಾ 25, ಹೆಚ್ಚೆಂದರೆ 100 ದಿರ್ಹಮ್. ಮದ್ದಿಗೆ ಶೇಕಡಾ 30 ನೀವು ಕೊಡಬೇಕು, ಮೇಲಾಗಿ ವರ್ಷದ ಮದ್ದಿನ ಮಿತಿ 1,500 ದಿರ್ಹಮ್. ಶುಗರ್, ಬಿಪಿ, ಕೊಲೆಸ್ಟ್ರಾಲ್ ಮೂರಕ್ಕೂ ಗುಳಿಗೆ ತಿನ್ನುವವರಿಗೆ ಇದು ವರ್ಷ ಮುಗಿಯುವ ಮೊದಲೇ ಖಾಲಿಯಾಗಬಹುದು. ಊರಿಂದ ಬರುವವರ ಕೈಯಲ್ಲಿ ಮದ್ದಿನ ಕಟ್ಟು ಕಳಿಸುವ ನಮ್ಮ ಪದ್ಧತಿ ಅಷ್ಟು ಬೇಗ ನಿಲ್ಲುವುದಿಲ್ಲ ಅನ್ನಿ. ಈ ಪ್ಯಾಕೇಜಿನ ಒಂದು ದೊಡ್ಡ ಗುಣ, ಹಳೆಯ ಕಾಯಿಲೆಗೆ ಕಾಯಿಸುವುದಿಲ್ಲ. ಕೊರತೆ ನೆಟ್‌ವರ್ಕಿನದ್ದು. ಶುರುವಾಗುವಾಗ ಪಟ್ಟಿಯಲ್ಲಿ ಇದ್ದದ್ದು 7 ಆಸ್ಪತ್ರೆ, 46 ಕ್ಲಿನಿಕ್, 45 ಮದ್ದಿನಂಗಡಿ. ನಿಮ್ಮ ರೂಮಿನ ಹತ್ತಿರ ಯಾವುದಿದೆ ಎಂದು ಆರೋಗ್ಯವಾಗಿರುವಾಗಲೇ ನೋಡಿಟ್ಟುಕೊಳ್ಳಿ.

ಸೌದಿಯಲ್ಲಿ ಖಾಸಗಿ ಕಂಪನಿಗಳು ಕೆಲಸಗಾರನಿಗೂ ಅವನ ಜೊತೆಗಿರುವ ಕುಟುಂಬಕ್ಕೂ ವಿಮೆ ಮಾಡಿಸಲೇಬೇಕು. ಇಂಗ್ಲೆಂಡಿಗೆ ಹೋಗುವವರು ವೀಸಾದ ಜೊತೆಗೇ ಆರೋಗ್ಯ ಸರ್ಚಾರ್ಜ್ ಕಟ್ಟಿರುತ್ತಾರೆ. 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776. ಅಷ್ಟು ಕಟ್ಟಿದ ಮೇಲೆ ಅಲ್ಲಿ ಇನ್ನೊಂದು ಖಾಸಗಿ ಪಾಲಿಸಿ ಬೇಕಾಗಿಲ್ಲ, ಹಲ್ಲಿನ ಖರ್ಚು ಮಾತ್ರ ಕೈಯಲ್ಲಿಟ್ಟುಕೊಳ್ಳಿ. ಜರ್ಮನಿಯಲ್ಲಿ ಸಂಬಳದ ಶೇಕಡಾ 14.6 ಮತ್ತು ಅದರ ಮೇಲೊಂದಿಷ್ಟು ಹೋಗುತ್ತದೆ, ಅರ್ಧ ಕಂಪನಿ ಕೊಡುತ್ತದೆ.

ಈ ಎಲ್ಲ ಕಾರ್ಡುಗಳೂ ಒಂದು ಕಡೆ ಕೈಕೊಡುತ್ತವೆ. ವೀಸಾ ರದ್ದಾದರೆ ಕಾರ್ಡೂ ರದ್ದು. ದೊಡ್ಡ ಕಾಯಿಲೆ ಬಂದವನಿಗೆ ಕೆಲಸ ಹೋಗುವುದೂ ಅಪರೂಪವಲ್ಲ. ಹಾಗಾಗಿ ವಿಮೆ ಅತಿ ಹೆಚ್ಚು ಬೇಕಾದ ತಿಂಗಳಿನಲ್ಲೇ ಅದು ಇರುವುದಿಲ್ಲ. ಇನ್ನು, ಮೂಲ ಪ್ಲಾನುಗಳು ಸಾಮಾನ್ಯವಾಗಿ ಮಂಗಳೂರಿನ ಆಸ್ಪತ್ರೆಯ ಬಿಲ್ ಕಟ್ಟುವುದಿಲ್ಲ. ದೊಡ್ಡ ಸಂಬಳದವರ ಮೇಲ್ಮಟ್ಟದ ಪ್ಲಾನುಗಳಲ್ಲಿ ಸ್ವದೇಶದ ಚಿಕಿತ್ಸೆಯೂ ಸೇರಿರುತ್ತದೆ. ಆದರೂ ಹೆಚ್ಚಾಗಿ ಮೊದಲು ನೀವು ಕಟ್ಟಿ, ಆಮೇಲೆ ಬಿಲ್ ಕಳಿಸಿ ಹಣ ಪಡೆಯಬೇಕು. ಎಚ್‌ಆರ್‌ನವರ ಬಳಿ "ಟೇಬಲ್ ಆಫ್ ಬೆನಿಫಿಟ್ಸ್" ಎನ್ನುವ ಹಾಳೆ ಇರುತ್ತದೆ. ಅದನ್ನು ಕೇಳಿ ತೆಗೆದುಕೊಳ್ಳಿ. ಕಾರ್ಡಿನ ಮೇಲಿರುವ ಚಂದದ ಬಣ್ಣದಿಂದ ಏನೂ ಗೊತ್ತಾಗುವುದಿಲ್ಲ.

ನೋರ್ಕಾ ಕೇರ್

ನಾವು ಮಾತಾಡುವ ಭಾಷೆ ಯಾವುದೇ ಇರಲಿ, ವಿಳಾಸ ಕೇರಳದ್ದು. ಅದರಿಂದ ಸಿಗುವ ಲಾಭಗಳಲ್ಲಿ ಇದೊಂದು. ಕೇರಳ ಸರ್ಕಾರದ ನೋರ್ಕಾ ರೂಟ್ಸ್ 2025ರಲ್ಲಿ ಶುರು ಮಾಡಿದ ಗುಂಪು ವಿಮೆ ಇದು. ಆ ವರ್ಷದ ನವೆಂಬರ್ 1ರಿಂದ ಜಾರಿಗೆ ಬಂತು. ನಡೆಸುವ ಕಂಪನಿ ನ್ಯೂ ಇಂಡಿಯಾ ಅಶ್ಯೂರೆನ್ಸ್. 5 ಲಕ್ಷದ ಆರೋಗ್ಯ ವಿಮೆ, 10 ಲಕ್ಷದ ಅಪಘಾತ ವಿಮೆ. ಶುರುವಿನಲ್ಲಿ ನಿಗದಿ ಮಾಡಿದ ಪ್ರೀಮಿಯಂ ಗಂಡ, ಹೆಂಡತಿ, 25 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಸೇರಿ ವರ್ಷಕ್ಕೆ 13,411 ರೂಪಾಯಿ. ಒಬ್ಬರಿಗೇ ಆದರೆ 8,101.

ಇದರ ನಿಜವಾದ ಬೆಲೆ ಪ್ರೀಮಿಯಂನಲ್ಲಿಲ್ಲ. ಈಗಾಗಲೇ ಇರುವ ಕಾಯಿಲೆಗೆ ಇಲ್ಲಿ ಕಾಯಬೇಕಾಗಿಲ್ಲ. ಐವತ್ತೈದರ, ಶುಗರ್ ಇರುವ, ಒಮ್ಮೆ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯನಿಗೆ ಖಾಸಗಿ ಕಂಪನಿಗಳು ಪಾಲಿಸಿ ಕೊಡಲು ಹಿಂದೆಮುಂದೆ ನೋಡುತ್ತವೆ. ಕೊಟ್ಟರೂ ಪ್ರೀಮಿಯಂ ಏರಿಸುತ್ತವೆ. ಅಂಥವರಿಗೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇರೆ ಇಲ್ಲ.

ಮಿತಿಗಳೂ ಇವೆ. ಇದು ಭಾರತದ ಆಸ್ಪತ್ರೆಗಳಿಗೆ ಮಾತ್ರ. ಅಪ್ಪ ಅಮ್ಮ ಇದರಲ್ಲಿ ಸೇರುವುದಿಲ್ಲ. ನೋರ್ಕಾ ಗುರುತಿನ ಚೀಟಿ ಇರಬೇಕು, ಅದನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಸೇರಲು ದಿನ ಗೊತ್ತುಮಾಡಿರುತ್ತಾರೆ, ಆ ಅವಧಿ ತಪ್ಪಿದರೆ ಕಾಯಬೇಕು. 5 ಲಕ್ಷ ಎನ್ನುವುದು ಇಡೀ ಕುಟುಂಬಕ್ಕೆ ಸೇರಿದ ಮೊತ್ತ. ಬೈಪಾಸ್ ಆಪರೇಷನ್ನಿಗೆ ಸಾಕಾಗಬಹುದು, ವರ್ಷಗಟ್ಟಲೆ ಎಳೆಯುವ ಕ್ಯಾನ್ಸರಿಗೆ ಸಾಲದು. ಗುಂಪು ವಿಮೆಯಾದ್ದರಿಂದ ಸರ್ಕಾರವೂ ಕಂಪನಿಯೂ ಕರಾರು ಬದಲಿಸಿದರೆ ನಿಮ್ಮದೂ ಬದಲಾಗುತ್ತದೆ. ಮಲಯಾಳಂ ಓದಲು ಬಾರದವರು ಹತ್ತಿರದ ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿಕೊಡುವ ಕೇಂದ್ರ) ಕೂತು ಅರ್ಜಿ ಹಾಕಿಸಿ. ಹೆಸರಿನ ಅಕ್ಷರ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇದೆಯೇ ಎಂದು ಮಾತ್ರ ನೀವೇ ನೋಡಿ.

ಅಂದ ಹಾಗೆ, ವಿದೇಶದಲ್ಲಿರುವವರಿಗೆ ಮಾತ್ರವಲ್ಲ, ಬೇರೆ ರಾಜ್ಯದಲ್ಲಿ ನೆಲೆಸಿದ ಕೇರಳದವರಿಗೂ ಇದು ಸಿಗುತ್ತದೆ. ಬೆಂಗಳೂರಲ್ಲಿ ಮನೆ ಮಾಡಿರುವ ಪೆರ್ಲದವನೂ ನೋರ್ಕಾದ ಲೆಕ್ಕದಲ್ಲಿ "ಪ್ರವಾಸಿ", ಅಂದರೆ ಊರು ಬಿಟ್ಟು ಹೊರಗೆ ನೆಲೆಸಿದವನೇ!

ಹತ್ತನೇ ತರಗತಿ ಪಾಸಾಗದೆ ಗಲ್ಫಿಗೆ ಹೋಗುವವರಿಗೆ ಕೇಂದ್ರ ಸರ್ಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ. ಅದರಲ್ಲಿರುವ ಆಸ್ಪತ್ರೆ ಖರ್ಚಿನ ಭಾಗ ಸಣ್ಣದು. ಅದನ್ನು ಆರೋಗ್ಯ ವಿಮೆ ಎಂದು ನಂಬಿ ಕೂರಬೇಡಿ.

ಊರಿನ ಖಾಸಗಿ ಪಾಲಿಸಿ

"ನಾನಿರುವುದೇ ಅಲ್ಲಿ, ಇಲ್ಲಿ ಯಾಕೆ ದುಡ್ಡು ಕಟ್ಟಲಿ?" ಎನ್ನುವ ಪ್ರಶ್ನೆಗೆ ನನ್ನ ಉತ್ತರ ಕಾಯುವ ಅವಧಿಯಲ್ಲಿದೆ. ಪಾಲಿಸಿ ತೆಗೆದುಕೊಂಡ ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಸಿಗುವುದಿಲ್ಲ. ಹರ್ನಿಯಾ, ಕಣ್ಣಿನ ಪೊರೆ, ಕಲ್ಲು ಇಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ. 2024ರವರೆಗೆ ಇದು ನಾಲ್ಕಿತ್ತು, ವಿಮೆಯ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಇಳಿಸಿತು. ಐದು ವರ್ಷ ಬಿಡದೆ ಕಟ್ಟಿದರೆ, ಮೋಸ ಸಾಬೀತಾಗದ ಹೊರತು, "ನೀವು ಕಾಯಿಲೆ ಮುಚ್ಚಿಟ್ಟಿರಿ" ಎಂಬ ಕಾರಣ ಹೇಳಿ ಕ್ಲೇಮ್ ತಳ್ಳಿಹಾಕುವ ಹಾಗಿಲ್ಲ.

ಈ ವರ್ಷಗಳೆಲ್ಲ ನೀವು ದೋಹಾದಲ್ಲಿ ಇದ್ದರೂ ಕಳೆಯುತ್ತವೆ. ಮೂವತ್ತೆರಡರಲ್ಲಿ, ಶುಗರ್ ಬರುವ ಮೊದಲು ಶುರು ಮಾಡಿದವನು ನಲವತ್ತರಲ್ಲಿ ಕೆಲಸ ಬಿಟ್ಟು ಬಂದರೆ ಅವನ ಪಾಲಿಸಿ ಪೂರ್ತಿ ಹಣ್ಣಾಗಿರುತ್ತದೆ. ಬಂದ ಮೇಲೆ ನೋಡೋಣ ಎಂದು ಐವತ್ತರಲ್ಲಿ ಬಂದವನು ಮೊದಲ ದಿನದಿಂದ ಕಾಯಬೇಕು, ಅದೂ ಕಂಪನಿ ಒಪ್ಪಿದರೆ. ಹೀಗಾಗಿ ಗಲ್ಫಿನ ಕಾರ್ಡ್ ಇದ್ದವರೂ ಊರಿನದ್ದನ್ನು ಚಿಕ್ಕ ವಯಸ್ಸಿನಲ್ಲೇ ಶುರು ಮಾಡಬೇಕು ಎನ್ನುವವನು ನಾನು.

ಖರ್ಚು? ಮೂವತ್ತು ದಾಟಿದ ಗಂಡ ಹೆಂಡತಿ ಮತ್ತು ಒಂದು ಮಗುವಿಗೆ 10 ಲಕ್ಷದ ಫ್ಲೋಟರ್ (ಒಂದೇ ಮೊತ್ತವನ್ನು ಇಡೀ ಕುಟುಂಬ ಹಂಚಿಕೊಳ್ಳುವ ಪಾಲಿಸಿ) ವರ್ಷಕ್ಕೆ ಹದಿನೈದರಿಂದ ಇಪ್ಪತ್ತೈದು ಸಾವಿರದ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ. ಪ್ರೀಮಿಯಂ ಅನ್ನು ಅನಿವಾಸಿಗಳ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಬ್ಯಾಂಕ್ ಖಾತೆಯಿಂದ ಕಟ್ಟಬಹುದು. ವಿದೇಶದಲ್ಲಿದ್ದೀರಿ ಎಂದು ಅರ್ಜಿಯಲ್ಲಿ ಬರೆಯಿರಿ. ಮೆಡಿಕಲ್ ಟೆಸ್ಟ್ ಕೇಳಿದರೆ ರಜೆಯಲ್ಲಿ ಬಂದಾಗ ಮುಗಿಸಿ.

ರೂಮಿನ ಬಾಡಿಗೆ ಮಿತಿ ಎಂಬುದೊಂದಿದೆ, ಇಲ್ಲಿ ತುಂಬ ಜನ ಎಡವುತ್ತಾರೆ. 5 ಲಕ್ಷದ ಪಾಲಿಸಿ, ರೂಮಿಗೆ ದಿನಕ್ಕೆ ಶೇಕಡಾ 1, ಅಂದರೆ 5,000 ರೂಪಾಯಿ ಎಂದಿಟ್ಟುಕೊಳ್ಳಿ. ಅಮ್ಮನಿಗೆ ಆರಾಮ ಇರಲಿ ಎಂದು 8,000ದ ರೂಮ್ ಹಿಡಿದಿರಿ. ದಿನಕ್ಕೆ 3,000 ಜಾಸ್ತಿ ಕೊಟ್ಟರೆ ಮುಗಿಯಿತು ಅಂದುಕೊಳ್ಳುತ್ತೀರಿ. ಹಾಗಲ್ಲ. ಡಾಕ್ಟರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಎಂಟರಲ್ಲಿ ಐದು ಪಾಲಿಗೆ ಇಳಿಸುತ್ತಾರೆ. ಆ ಬಾಬ್ತು 1,60,000 ಆಗಿದ್ದರೆ ಕಂಪನಿ ಕೊಡುವುದು 1,00,000. ಉಳಿದ ಅರವತ್ತು ಸಾವಿರ ನಿಮ್ಮದು. ಮದ್ದು, ಇಂಪ್ಲಾಂಟುಗಳಿಗೆ ಈ ಕಡಿತ ಇಲ್ಲ. ರೂಮಿಗೆ ಮಿತಿಯೇ ಇಲ್ಲದ ಪಾಲಿಸಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಅಡ್ಡಿಯಿಲ್ಲ.

ಅಪ್ಪ ಅಮ್ಮನಿಗೆ ಬೇರೆ ಪಾಲಿಸಿಯೇ ಮಾಡಿಸಿ. ನಿಮ್ಮ ಫ್ಲೋಟರಿಗೆ ಸೇರಿಸಿದರೆ ಎಲ್ಲರ ಪ್ರೀಮಿಯಂ ಅವರ ವಯಸ್ಸಿನ ಮೇಲೆ ನಿಲ್ಲುತ್ತದೆ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವ ಹಳೆಯ ಕಟ್ಟು 2024ರಲ್ಲಿ ಹೋಯಿತು. ಅರವತ್ತು ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಈಗ ಐಆರ್‌ಡಿಎಐಯನ್ನು ಕೇಳಬೇಕು. ಆದರೂ ದುಬಾರಿಯೇ, ಕೋ-ಪೇಯೂ (ಪ್ರತಿ ಬಿಲ್ಲಿನಲ್ಲಿ ನಿಮ್ಮ ಕಿಸೆಯಿಂದ ಹೋಗುವ ಪಾಲು) ಇರುತ್ತದೆ.

ಅಂತಾರಾಷ್ಟ್ರೀಯ ಪ್ಲಾನ್ ಮತ್ತು ಟ್ರಾವೆಲ್ ಪಾಲಿಸಿ

ಸಿಗ್ನಾ, ಬೂಪಾ, ಅಲಿಯಾಂಜ್‌ನಂಥ ಕಂಪನಿಗಳ ಅಂತಾರಾಷ್ಟ್ರೀಯ ಪ್ಲಾನ್ ಇದ್ದರೆ ದೇಶ ಬದಲಿಸಿದರೂ ವಿಮೆ ಜೊತೆಗೇ ಬರುತ್ತದೆ. ಇಂದು ಲಿಸ್ಬನ್, ಮುಂದಿನ ವರ್ಷ ಬ್ಯಾಂಕಾಕ್ ಎನ್ನುವವರಿಗೆ ಇದು ಹೇಳಿಮಾಡಿಸಿದ್ದು. ಅಮೆರಿಕವನ್ನು ಬಿಟ್ಟು ಉಳಿದ ಜಗತ್ತು ಎಂದು ಆರಿಸಿದರೆ ಪ್ರೀಮಿಯಂ ಬಹಳ ಇಳಿಯುತ್ತದೆ. ಸಣ್ಣ ಬಿಲ್ಲುಗಳನ್ನು ನಾನೇ ಕಟ್ಟುತ್ತೇನೆ ಎಂದು ಡಿಡಕ್ಟಿಬಲ್ ಏರಿಸಿದರೆ ಇನ್ನೂ ಇಳಿಯುತ್ತದೆ. ಇಳಿದರೂ ಊರಿನ ಪಾಲಿಸಿಯ ಎಷ್ಟೋ ಪಟ್ಟು ಇರುತ್ತದೆ. ಡಾಲರಿನಲ್ಲಿ ದುಡಿಯದವರು ಇದನ್ನು ಬಿಟ್ಟುಬಿಡಬಹುದು. ದುಬೈಯಲ್ಲಿ ನೆಲೆಸುವವರಿಗೆ ಒಂದು ಎಚ್ಚರಿಕೆ: ವೀಸಾದ ಲೆಕ್ಕಕ್ಕೆ ಅಲ್ಲಿ ಪರವಾನಗಿ ಇರುವ ಕಂಪನಿಯ ಪಾಲಿಸಿಯೇ ಬೇಕು.

ಟ್ರಾವೆಲ್ ಪಾಲಿಸಿ ಅಗ್ಗ ಯಾಕೆಂದರೆ ಅದು ತುರ್ತಿಗೆ ಮಾತ್ರ. ಎದೆನೋವು ಬಂದರೆ ನೋಡುತ್ತಾರೆ, ಪ್ರಾಣಕ್ಕೆ ಅಪಾಯವಿಲ್ಲ ಎಂದಾದ ಮೇಲೆ ಮುಂದಿನದ್ದು ಊರಿಗೆ ಹೋಗಿ ಮಾಡಿಸಿ ಎನ್ನುತ್ತಾರೆ. ಶುಗರಿನ ಗುಳಿಗೆ, ಹೆರಿಗೆ, ವರ್ಷದ ತಪಾಸಣೆ ಯಾವುದೂ ಇಲ್ಲ. ಯುರೋಪಿನ ಶೆಂಗೆನ್ ಪ್ರವಾಸಿ ವೀಸಾಕ್ಕೆ 30,000 ಯುರೋದ ಇಂಥ ಪಾಲಿಸಿ ಸಾಕು. ಸ್ಪೇನಿನ ರಿಮೋಟ್ ಕೆಲಸದ ವೀಸಾಕ್ಕೆ ಅದು ನಡೆಯುವುದಿಲ್ಲ, ಪೂರ್ಣ ಆರೋಗ್ಯ ವಿಮೆಯೇ ಬೇಕು. ಯುಎಇಯ ಒಂದು ವರ್ಷದ ರಿಮೋಟ್ ವೀಸಾಕ್ಕೂ ತಿಂಗಳಿಗೆ 3,500 ಡಾಲರ್ ಸಂಪಾದನೆಯ ಜೊತೆ ಅಲ್ಲಿ ನಡೆಯುವ ಆರೋಗ್ಯ ವಿಮೆ ತೋರಿಸಬೇಕು. ಮೂರು ತಿಂಗಳಿಗಿಂತ ಕಡಿಮೆ ಓಡಾಟಕ್ಕೆ ಟ್ರಾವೆಲ್ ಪಾಲಿಸಿ ಸರಿ. ವರ್ಷಗಟ್ಟಲೆ ಅದನ್ನೇ ಎಳೆಯುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಯಾರಿಗೆ ಏನು

ಗಲ್ಫಿನಲ್ಲಿ ಸಣ್ಣ ಸಂಬಳ, ಕುಟುಂಬ ಊರಿನಲ್ಲಿ ಎಂದಾದರೆ ಅಲ್ಲಿ ಕಂಪನಿ ಕಾರ್ಡ್, ಇಲ್ಲಿ ನೋರ್ಕಾ ಕೇರ್. ಇದಕ್ಕೊಂದು ಸೂಪರ್ ಟಾಪ್-ಅಪ್ ಸೇರಿಸುವುದು ನನಗೆ ಬಹಳ ಇಷ್ಟದ ಲೆಕ್ಕ. ವರ್ಷದ ಬಿಲ್ಲಿನ ಮೊದಲ 5 ಲಕ್ಷ ಬೇರೆ ಕಡೆಯಿಂದ ಬರಲಿ, ಅದರ ಮೇಲಿನದ್ದು ನಾವು ಕೊಡುತ್ತೇವೆ ಎನ್ನುವ ಪಾಲಿಸಿ ಅದು. ಪೂರ್ತಿ ಪಾಲಿಸಿಗಿಂತ ಎಷ್ಟೋ ಅಗ್ಗ. ಕೆಳಗಿನ 5 ಲಕ್ಷ ನೋರ್ಕಾದಿಂದ ಬಂದರೂ ಅಡ್ಡಿಯಿಲ್ಲ. ಸೂಪರ್ ಟಾಪ್-ಅಪ್‌ಗೆ ಅದರದ್ದೇ ಕಾಯುವ ಅವಧಿ ಇರುತ್ತದೆ, ಹಾಗಾಗಿ ಇವತ್ತೇ ಶುರು ಮಾಡಿದಷ್ಟು ಒಳ್ಳೆಯದು.

ಮೂವತ್ತರ ಆಸುಪಾಸಿನ, ಕಾಯಿಲೆಯಿಲ್ಲದ, ಒಳ್ಳೆಯ ಸಂಬಳದವರು ಊರಿನ ಖಾಸಗಿ ಪಾಲಿಸಿಯನ್ನೇ ಆರಿಸಿ. ನೋರ್ಕಾ ಬದಲಾಗಬಹುದು, ನಿಮ್ಮದೇ ಪಾಲಿಸಿ ಜೀವನಪೂರ್ತಿ ನವೀಕರಿಸಬಹುದು. ಕಂಪನಿ ಹಿಡಿಸದಿದ್ದರೆ ಕಾದ ವರ್ಷಗಳ ಸಮೇತ ಬೇರೆಡೆಗೆ ವರ್ಗಾಯಿಸಲೂ ಬರುತ್ತದೆ.

ಐವತ್ತು ದಾಟಿ ಒಂದೆರಡು ವರ್ಷದಲ್ಲಿ ಬರುವವರು ಎರಡಕ್ಕೂ ಅರ್ಜಿ ಹಾಕಿ. ಖಾಸಗಿಯವರು ಒಪ್ಪಿದರೆ ನೋರ್ಕಾದಲ್ಲಿ ಇದ್ದುಕೊಂಡು ಅದರ ಮೂರು ವರ್ಷ ಕಳೆಯಿರಿ. ರಿಮೋಟ್ ಕೆಲಸದವರು ಒಂದೇ ದೇಶದಲ್ಲಿ ಕೂರುವುದಾದರೆ ಆ ದೇಶದ ಪಾಲಿಸಿ ತೆಗೆದುಕೊಳ್ಳಿ, ದೇಶ ಬದಲಿಸುತ್ತಲೇ ಇರುವವರು ಮಾತ್ರ ಅಂತಾರಾಷ್ಟ್ರೀಯ ಪ್ಲಾನಿನ ಕಡೆ ನೋಡಿ. ಇಬ್ಬರಿಗೂ ಊರಿನ ಪಾಲಿಸಿ ಬೇಕೇ ಬೇಕು. ಎಚ್‌ಆರ್ ಎಂಬವರು ಬೆನ್ನ ಹಿಂದೆ ಇಲ್ಲ ನೋಡಿ.

ಸಹಿ ಹಾಕುವ ಮೊದಲು

ನಮ್ಮ ಜಿಲ್ಲೆಯವರಿಗೆ ನೆಟ್‌ವರ್ಕ್ ಪಟ್ಟಿಯಲ್ಲಿ ಕರ್ನಾಟಕದ ಗಡಿಯಾದ ತಲಪಾಡಿಯ ಎರಡೂ ಕಡೆ ಆಸ್ಪತ್ರೆ ಇರಬೇಕು. ಮಂಗಳೂರು ಇದ್ದರೆ ಸಾಕು ಅನ್ನಿಸುತ್ತದೆ. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿ ಒಳರಸ್ತೆಗಳಿಗೂ ಮಣ್ಣು ಸುರಿದಾಗ, ಮಂಗಳೂರಿಗೆ ಹೋಗಲಾಗದೆ ಇಲ್ಲಿನ ರೋಗಿಗಳು ಪ್ರಾಣ ಬಿಟ್ಟದ್ದು ನೆನಪಿದೆಯಲ್ವಾ? ಕಾಞಂಗಾಡಿನದ್ದೋ ಕಣ್ಣೂರಿನದ್ದೋ ಒಂದು ಆಸ್ಪತ್ರೆ ಪಟ್ಟಿಯಲ್ಲಿ ಇರಲಿ. ಊರಿನ ವಿಳಾಸ ಕೇರಳದ್ದು, ಚಿಕಿತ್ಸೆ ಕರ್ನಾಟಕದ ನಗರದ್ದು ಎಂದಾಗ ವಲಯದ ಹೆಸರಿನಲ್ಲಿ ಕೋ-ಪೇ ಹಾಕುತ್ತೀರಾ ಎಂದೂ ಏಜೆಂಟನ್ನು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಕ್ಲೇಮಿನ ತಕರಾರಿಗೆ ಕೇರಳದ ವಿಮಾ ಓಂಬುಡ್ಸ್‌ಮನ್ (ದೂರು ಕೇಳಿ ತೀರ್ಮಾನಿಸುವ ಅಧಿಕಾರಿ) ಕಚೇರಿ ಕೊಚ್ಚಿಯಲ್ಲಿದೆ, ದೂರು ಕೊಡಲು ಖರ್ಚಿಲ್ಲ.

ಖಾಸಗಿ ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಫ್ರೀ ಲುಕ್ ಅವಧಿ ಇರುತ್ತದೆ. ಅಷ್ಟರೊಳಗೆ ನೀವು ನಿಜವಾಗಿ ಹೋಗುವ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೆ ಫೋನ್ ಮಾಡಿ. ಪಾಲಿಸಿಯ ಹೆಸರು ಹೇಳಿ, ಇದಕ್ಕೆ ಕ್ಯಾಶ್‌ಲೆಸ್ (ಬಿಲ್ಲನ್ನು ವಿಮಾ ಕಂಪನಿಯೇ ನೇರ ಕಟ್ಟುವುದು) ಕೊಡುತ್ತೀರಾ, ರೂಮಿನ ದರ ಎಷ್ಟು ಎಂದು ಕೇಳಿ. ಇಲ್ಲ ಎಂದರೆ ಪಾಲಿಸಿ ವಾಪಸ್ ಕೊಟ್ಟು, ಅಲ್ಪಸ್ವಲ್ಪ ಕಳೆದು ಉಳಿದ ಹಣ ಪಡೆದು, ಬೇರೆಯದನ್ನು ನೋಡಿ.